ಬೈಲುಕುಪ್ಪೆ ಟಿಬೆಟಿಯನ್ ನೆಲೆ: ಅರ್ಜಿದಾರರ ಮಾಹಿತಿಗಾಗಿ

10-03-1959ರಂದು ಲ್ಹಾಸಾದಲ್ಲಿ ಚೀನಾ ಆಡಳಿತದ ವಿರುದ್ಧ ಎದ್ದ ದಂಗೆಯನ್ನು ಹತ್ತಿಕ್ಕಲಾಯಿತು. ತದನಂತರ ಸಹಸ್ರಾರು ಟಿಬೆಟಿಯನ್ನರು ಭಾರತದಲ್ಲಿ ಆಶ್ರಯ ಪಡೆದರು. 1960ರಲ್ಲಿ ಅಂದಿನ ಮೈಸೂರು ಸರ್ಕಾರವು ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆಯಲ್ಲಿ ಇವರಿಗೆ ಸುಮಾರು 3,000 ಎಕರೆ ಭೂಮಿಯನ್ನು ಒದಗಿಸಿತು.

ತಾಯ್ನಾಡನ್ನು ಕಳೆದುಕೊಂಡ ಈ ಜನಸಾಮಾನ್ಯರು ಕಾಡನ್ನು ಸವರಿ ಮುಸುಕಿನ ಜೋಳ ಬೆಳೆದರು. ಸಹಕಾರ ಸಂಘ, ಶಾಲೆ, ಮಠಗಳನ್ನು ಕಟ್ಟಿಕೊಂಡರು. ನಾಮ್‌ಡ್ರೋಲಿಂಗ್ ಮಠವು 1963ರಲ್ಲಿ ಸ್ಥಾಪನೆಯಾಯಿತು. ಪ್ರತಿವರ್ಷ ಮಾರ್ಚ್ 10ರಂದು ಮಡಿದವರನ್ನು ಸ್ಮರಿಸಲಾಗುತ್ತದೆ.

ಪೌರತ್ವ ಅಧಿನಿಯಮ, 1955ರ ಪ್ರಕಾರ 26-01-1950ರಿಂದ 30-06-1987ರವರೆಗೆ ಭಾರತದಲ್ಲಿ ಜನಿಸಿದವರು ಜನ್ಮತಃ ಭಾರತೀಯ ಪೌರರು. ಇದು ಟಿಬೆಟಿಯನ್ನರಿಗೂ ಅನ್ವಯಿಸುತ್ತದೆಂದು ಕರ್ನಾಟಕ ಉಚ್ಚ ನ್ಯಾಯಾಲಯವು 2013ರಲ್ಲಿ ತೀರ್ಪಿತ್ತಿದೆ. ಆದುದರಿಂದ ಈ ಅವಧಿಯಲ್ಲಿ ಜನಿಸಿದವರು ತಮ್ಮ ಜನನ ಪ್ರಮಾಣಪತ್ರವನ್ನು ಜೋಪಾನವಾಗಿ ಇರಿಸಿಕೊಳ್ಳುವುದು. ಹೆತ್ತವರು ಕಳೆದುಕೊಂಡ ನಾಡಿಗೆ ಬದಲಾಗಿ ಮಕ್ಕಳಿಗೆ ದೊರೆತ ನಾಡಿಗೆ ಅದೇ ದಾಖಲೆ.