ಕರಣೆಯೂ ಇರಲಿ, ಕಂಪಾಸೂ ಇರಲಿ

ನಾನು ಸಿವಿಲ್ ಎಂಜಿನಿಯರಿಂಗ್ ಓದಿದವನು. ಈಗ ಸ್ಟುಡಿಯೋದಲ್ಲಿ ಕೂತು ಮಾತಾಡ್ತೀನಿ, ಅದು ಬೇರೆ ಕಥೆ. ಆದರೆ ಓದು ಮುಗಿಸಿ ಮೊದಲ ಸಲ ಸೈಟಿಗೆ ಹೋದ ದಿನ ಇನ್ನೂ ನೆನಪಿದೆ. ಪಾಯದ ಮೂಲೆ ಗುರುತು ಹಾಕಿ ಅಂದ್ರು. ತೊಂಬತ್ತು ಡಿಗ್ರಿಯ ಮೂಲೆ, ಅಷ್ಟೇ. ಕೈಯಲ್ಲಿ ಡ್ರಾಯಿಂಗ್ ಇತ್ತು, ತಲೆಯಲ್ಲಿ ನಾಲ್ಕು ವರ್ಷದ ಓದಿತ್ತು. ಎಲ್ಲಿಂದ ಶುರು ಮಾಡಬೇಕು ಅಂತ ಮಾತ್ರ ಗೊತ್ತಾಗಲಿಲ್ಲ.

ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟಿದ್ದ ಮೇಸ್ತ್ರಿ ಬಂದರು. ಒಂದು ದಾರದ ಮೇಲೆ ಮೂರು ಅಡಿಗೆ, ಇನ್ನೊಂದರ ಮೇಲೆ ನಾಲ್ಕು ಅಡಿಗೆ ಗುರುತು ಮಾಡಿದರು. ಆ ಎರಡು ಗುರುತುಗಳ ನಡುವೆ ಸರಿಯಾಗಿ ಐದು ಅಡಿ ಬರೋ ತನಕ ದಾರ ಸರಿಸಿದರು. ‘ಮೂಲೆ ಕೂತ್ಕೊಂತು ಸಾರ್’ ಅಂದರು.

ಅದು ಪೈಥಾಗೊರಸ್ ಪ್ರಮೇಯ. ಎಸ್ಸೆಸ್ಸೆಲ್ಸಿಯಲ್ಲಿ ನಾನು ಬಾಯಿಪಾಠ ಮಾಡಿ ಮಾರ್ಕ್ಸ್ ತಗೊಂಡಿದ್ದ ಅದೇ ಪ್ರಮೇಯ. ನನಗೆ ಪ್ರಮೇಯ ಗೊತ್ತಿತ್ತು, ಮೂಲೆ ಕೂರಿಸೋದು ಗೊತ್ತಿರಲಿಲ್ಲ. ಅವರಿಗೆ ಮೂಲೆ ಗೊತ್ತಿತ್ತು, ಪ್ರಮೇಯದ ಹೆಸರೇ ಗೊತ್ತಿರಲಿಲ್ಲ. ನಷ್ಟ ಇಬ್ಬರದೂ ಹೌದು, ಆದರೆ ಸಮ ಅಲ್ಲ. ನಾನು ಡಿಗ್ರಿ ಹಿಡ್ಕೊಂಡು ಬೇರೆ ಕೆಲಸ ಹುಡುಕಿಕೊಂಡೆ. ಅವರಿಗೆ ಆ ಬಾಗಿಲು ಇರಲಿಲ್ಲ.

ಹೈಸ್ಕೂಲಿನಲ್ಲೇ ಪಾಠದ ಜೊತೆ ಕಟ್ಟಡ ಕೆಲಸ ಕಲಿಸಬೇಕು ಅಂತ ಯಾರಾದರೂ ಹೇಳಿದಾಗ ನನಗೆ ಆ ದಾರ ನೆನಪಾಗುತ್ತೆ. ಯೋಚನೆ ಮಾಡಿ ನೋಡಿ. ಪಾರದರ್ಶಕ ಪೈಪಿಗೆ ನೀರು ತುಂಬಿಸಿ ಗೋಡೆಗೆ ಮಟ್ಟ ಹಿಡಿಯೋದು ಭೌತಶಾಸ್ತ್ರ. ಒಂದಕ್ಕೆ ಆರರಂತೆ ಸಿಮೆಂಟು, ಮರಳು ಬೆರೆಸೋದು ಅನುಪಾತದ ಲೆಕ್ಕ. ಸಿಮೆಂಟು ಒಣಗಿ ಗಟ್ಟಿಯಾಗುತ್ತೆ ಅಂತ ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. ಅಲ್ಲ, ಅದು ನೀರಿನ ಜೊತೆ ರಾಸಾಯನಿಕ ಕ್ರಿಯೆ ನಡೆಸಿ ಗಟ್ಟಿಯಾಗುತ್ತೆ. ಅದಕ್ಕೇ ಕನಿಷ್ಠ ಒಂದು ವಾರ ಕ್ಯೂರಿಂಗ್ ಬೇಕು ಅನ್ನೋದು. ಇಟ್ಟಿಗೆ ಗೋಡೆಗೆ ನೀರು ಹಾಕಿದ ಹುಡುಗಿಗೆ ರಸಾಯನಶಾಸ್ತ್ರದ ಆ ಪಾಠ ಮರೆಯೋದು ಕಷ್ಟ.

ಇಷ್ಟು ಚೆನ್ನಾಗಿದ್ದರೆ ತೊಂದರೆ ಏನು? ತೊಂದರೆ ಇದೆ. ಅದನ್ನೂ ನನಗೆ ಹೇಳಿದ್ದು ಆ ಮೇಸ್ತ್ರಿಯೇ. ‘ನನ್ನ ಮಗನ ಕೈಗೂ ಕರಣೆ ಕೊಡೋಕಾ ಸಾರ್ ಸ್ಕೂಲಿಗೆ ಕಳಿಸ್ತಿರೋದು?’

ಆ ಭಯಕ್ಕೆ ಇತಿಹಾಸ ಇದೆ, ಅದೂ ಪಕ್ಕದಲ್ಲೇ. 1953ರಲ್ಲಿ ಮದ್ರಾಸ್ ಮುಖ್ಯಮಂತ್ರಿಯಾಗಿದ್ದ ರಾಜಾಜಿ ಗ್ರಾಮೀಣ ಪ್ರಾಥಮಿಕ ಶಾಲೆಗಳಲ್ಲಿ ಒಂದು ಯೋಜನೆ ತಂದರು. ದಿನಕ್ಕೆ ಮೂರು ಗಂಟೆ ಪಾಠ, ಉಳಿದ ಹೊತ್ತು ಮನೆಯವರ ಕಸುಬು ಕಲಿಯೋದು. ಜನ ಅದನ್ನು ‘ಕುಲಕಸುಬಿನ ಶಿಕ್ಷಣ’ ಅಂದರು. ಅಪ್ಪ ಚಪ್ಪಲಿ ಹೊಲಿದರೆ ಮಗನೂ ಹೊಲಿಯಬೇಕಾ ಅಂತ ಕೇಳಿದರು. ವಿರೋಧ ಎಷ್ಟಾಯಿತು ಅಂದರೆ 1954ರಲ್ಲಿ ರಾಜಾಜಿ ಕುರ್ಚಿ ಬಿಟ್ಟರು, ನಂತರ ಬಂದ ಕಾಮರಾಜ್ ಯೋಜನೆಯನ್ನೇ ಕೈಬಿಟ್ಟರು.

ಈಗ ಸ್ವಿಟ್ಜರ್‌ಲೆಂಡ್ ನೋಡಿ. ಅಲ್ಲಿ ಕಡ್ಡಾಯ ಶಿಕ್ಷಣ ಮುಗಿಸಿದ ಮಕ್ಕಳಲ್ಲಿ ಮೂವರಿಗೆ ಸುಮಾರು ಇಬ್ಬರು ವೃತ್ತಿ ಶಿಕ್ಷಣ ಆರಿಸಿಕೊಳ್ತಾರೆ. ಗಾರೆ ಕೆಲಸಕ್ಕೆ ಮೂರು ವರ್ಷದ ಕೋರ್ಸಿದೆ. ಕಂಪನಿಯಲ್ಲಿ ಕೆಲಸ, ಜೊತೆಗೆ ಶಾಲೆಯಲ್ಲಿ ಪಾಠ. ಆದರೆ ಮುಖ್ಯ ಅದಲ್ಲ. 1990ರ ದಶಕದಲ್ಲಿ ಅವರು ವೃತ್ತಿ ಕಲಿತವರಿಗೂ ಪದವಿಗೆ ಹೋಗೋ ಪರೀಕ್ಷೆ ತಂದರು. ಬೇಕಾದರೆ ಗಾರೆಯವನು ಮುಂದೆ ಎಂಜಿನಿಯರ್ ಆಗಬಹುದು. ಅಲ್ಲಿನ ಪೀಟರ್ ಝುಂಥೋರ್ ಅಪ್ಪನ ಬಳಿ ಮರಗೆಲಸ ಕಲಿತು ಆಮೇಲೆ ವಾಸ್ತುಶಿಲ್ಪಿಯಾದವರು. 2009ರಲ್ಲಿ ಅವರಿಗೆ ಪ್ರಿಟ್ಜ್‌ಕರ್ ಪ್ರಶಸ್ತಿ ಬಂತು. ವಾಸ್ತುಶಿಲ್ಪಕ್ಕೆ ಅದಕ್ಕಿಂತ ದೊಡ್ಡ ಗೌರವ ಇಲ್ಲ.

ಎರಡೂ ಕಡೆ ಇದ್ದದ್ದು ಓದು ಮತ್ತು ಕಸುಬು. ಒಂದು ಕಡೆ ಕಸುಬನ್ನು ಹುಟ್ಟು ತೀರ್ಮಾನಿಸಿತು, ಇನ್ನೊಂದು ಕಡೆ ಮಗು ಆರಿಸಿಕೊಂಡಿತು. ವ್ಯತ್ಯಾಸ ಇಷ್ಟೇ, ಆದರೆ ಎಲ್ಲ ಇರೋದು ಇಷ್ಟರಲ್ಲೇ.

ನಮ್ಮ ರಾಜ್ಯದ ಕೆಲವು ಸರ್ಕಾರಿ ಪ್ರೌಢಶಾಲೆಗಳಲ್ಲಿ ತೃತೀಯ ಭಾಷೆಯ ಬದಲು ಆಟೊಮೊಬೈಲ್, ಐಟಿ, ರಿಟೇಲ್‌ನಂಥ ವೃತ್ತಿ ವಿಷಯ ಓದುವ ಅವಕಾಶ ಇದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ 2025ರ ಹೊತ್ತಿಗೆ ಕನಿಷ್ಠ ಅರ್ಧದಷ್ಟು ವಿದ್ಯಾರ್ಥಿಗಳಿಗೆ ವೃತ್ತಿ ಶಿಕ್ಷಣದ ಪರಿಚಯ ಆಗಬೇಕು ಅಂದಿತ್ತು. ಕಟ್ಟಡ ಕೆಲಸವನ್ನೂ ಧಾರಾಳವಾಗಿ ಕಲಿಸಲಿ. ಆದರೆ ಮೂರು ಷರತ್ತು ಇರಲಿ.

ಒಂದು, ಕಲಿಕೆ ಶಾಲೆಯ ವರ್ಕ್‌ಶಾಪಿನಲ್ಲೇ ನಡೀಬೇಕು, ಸೈಟಿನಲ್ಲಲ್ಲ. ಕಟ್ಟಡ ಕಾರ್ಮಿಕ ಅಂತ ನೋಂದಾಯಿಸಿಕೊಳ್ಳೋಕೆ 18 ತುಂಬಿರಬೇಕು ಅಂದಿದ್ದು 1996ರ ಕಾಯ್ದೆ. ಹದಿನೈದರ ಮಗುವನ್ನು ಸಾರ್ವೆ ಹತ್ತಿಸಿ ಅದಕ್ಕೆ ತರಬೇತಿ ಅಂತ ಹೆಸರಿಟ್ಟರೆ ಅದು ಬಾಲಕಾರ್ಮಿಕ ಪದ್ಧತಿಯೇ. ಎರಡು, ಗಣಿತ, ವಿಜ್ಞಾನದಲ್ಲಿ ಒಂದು ಅಧ್ಯಾಯವೂ ಕಡಿಮೆ ಆಗಬಾರದು. ಪಿಯುಸಿ, ಡಿಪ್ಲೊಮಾ, ಎಂಜಿನಿಯರಿಂಗ್ ಬಾಗಿಲು ತೆರೆದೇ ಇರಬೇಕು. ಮೂರನೆಯದು ಕಷ್ಟದ್ದು. ಇದು ಸರ್ಕಾರಿ ಶಾಲೆಯ ಮಕ್ಕಳಿಗೆ ಮಾತ್ರ ಅಂತ ಆಗಬಾರದು. ಲಕ್ಷಗಟ್ಟಲೆ ಫೀಸು ಕಟ್ಟೋ ಶಾಲೆಯ ಮಗುವೂ ಗಾರೆ ಕಲಸಲಿ, ತೂಕದ ಗುಂಡು ಹಿಡಿಯಲಿ.

ಮೇಸ್ತ್ರಿಯ ಪ್ರಶ್ನೆಗೆ ಅವತ್ತು ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗ ಇದೆ. ನಿಮ್ಮ ಮಗನ ಕೈಗೆ ಕರಣೆ ಕೊಡೋ ಶಾಲೆ ನನ್ನ ಮಗನ ಕೈಗೂ ಕೊಡಬೇಕು. ನನ್ನ ಮಗನಿಗೆ ಕಾಲೇಜಿನ ಬಾಗಿಲು ತೆರೆಯೋ ಶಾಲೆ ನಿಮ್ಮ ಮಗನಿಗೂ ತೆರೀಬೇಕು. ಈ ಎರಡರಲ್ಲಿ ಒಂದನ್ನೇ ಮಾಡ್ತೀವಿ ಅಂತ ಯಾರಾದರೂ ಬಂದರೆ, ಬೇಡ ಅನ್ನಿ. ನಿಮ್ಮ ಜೊತೆ ನಾನೂ ಬೇಡ ಅಂತೀನಿ.