ಉಷ್ಣಸಹ ಗಾಜಿನ ಪಾತ್ರೆಗಳ ಆಯ್ಕೆ

ಮೂತ್ರದಲ್ಲಿನ ಸಕ್ಕರೆಯನ್ನು ಗುರುತಿಸಲು ಅದನ್ನು ಬೆನೆಡಿಕ್ಟ್ ದ್ರಾವಣದೊಡನೆ ಪ್ರನಾಳದಲ್ಲಿ ಕುದಿಸುವ ಪರೀಕ್ಷೆಯು, ಸುಲಭವಾದ ಪಟ್ಟಿಗಳು ಬಂದ ಮೇಲೂ ಕಾಲೇಜುಗಳ ಪ್ರಯೋಗಶಾಲೆಗಳಲ್ಲಿ ಉಳಿದುಕೊಂಡಿದೆ. ಕುದಿಯುತ್ತಿರುವಾಗ ಪ್ರನಾಳವು ಸಿಡಿದರೆ ನಷ್ಟವು ಕೆಲವು ರೂಪಾಯಿಗಳಿಗೆ ನಿಲ್ಲದು. ಕೈ ಸುಡುತ್ತದೆ, ಚೂರು ಕಣ್ಣಿಗೆ ಹಾರಬಹುದು. ಆದುದರಿಂದ ಉಪನಗರಗಳಲ್ಲಿ ಸಣ್ಣ ಪರೀಕ್ಷಾಲಯ ತೆರೆಯುವ ತರುಣರೂ ವಿಜ್ಞಾನ ವಿದ್ಯಾರ್ಥಿಗಳೂ ಕೊಳ್ಳುವ ಮೊದಲು ಗಾಜಿನ ಗುಣವನ್ನು ಅರಿತಿರಬೇಕು.

ಗಾಜು ಶಾಖವನ್ನು ಬೇಗ ಹರಿಯಗೊಡದು. ಉರಿ ತಾಗಿದ ಭಾಗ ಹಿಗ್ಗುತ್ತದೆ, ತಣ್ಣಗಿರುವ ಭಾಗ ಹಿಗ್ಗುವುದಿಲ್ಲ. ಈ ಎಳೆದಾಟವನ್ನು ತಾಳದೆ ಪಾತ್ರೆ ಬಿರಿಯುತ್ತದೆ. ದಪ್ಪ ಗಾಜೇ ಗಟ್ಟಿಯೆಂಬ ನಂಬಿಕೆ ಇಲ್ಲಿ ತಲೆಕೆಳಗು: ಉರಿಯ ಮೇಲೆ ಮೊದಲು ಒಡೆಯುವುದು ಅದೇ. ಮರಳಿಗೆ ಬೋರಾನ್ ಆಕ್ಸೈಡನ್ನು ಬೆರೆಸಿದರೆ ಗಾಜಿನ ಹಿಗ್ಗುವಿಕೆ ಸಾಧಾರಣ ಸೋಡಾ ಗಾಜಿನದರ ಸುಮಾರು ಮೂರನೆಯ ಒಂದಂಶಕ್ಕೆ ಇಳಿಯುತ್ತದೆ. ಜರ್ಮನಿಯ ಯೇನಾ ನಗರದಲ್ಲಿ ಆಟೊ ಷಾಟ್ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ರೂಪಿಸಿದ ಈ ಬೋರೋಸಿಲಿಕೇಟ್ ಗಾಜು, 1915ರಲ್ಲಿ ಅಮೆರಿಕದ ಕಾರ್ನಿಂಗ್ ಸಂಸ್ಥೆಯಿಂದ ಪೈರೆಕ್ಸ್ ಎಂಬ ಹೆಸರಿನಲ್ಲಿ ಮನೆಗಳನ್ನೂ ಹೊಕ್ಕಿತು. ಅದೇ ಕಾರ್ನಿಂಗಿನ ಸಹಯೋಗದಿಂದ 1962ರಲ್ಲಿ ಹುಟ್ಟಿದ ಬೋರೋಸಿಲ್ ಸಂಸ್ಥೆ 1988ರಲ್ಲಿ ಪೂರ್ಣವಾಗಿ ಭಾರತೀಯರ ಕೈಗೆ ಬಂದಿತು. ಅಂಧೇರಿಯ ಮರೋಳದಲ್ಲಿ ಬಹುಕಾಲವಿದ್ದ ಅದರ ಕಾರ್ಖಾನೆ ಈಗ ಅಲ್ಲಿಲ್ಲ. ಹೆಸರು ಮಾತ್ರ ವಸ್ತುವಿನ ಹೆಸರೇ ಆಗಿಹೋಗಿದೆ.

ಪ್ರಿನ್ಸೆಸ್ ಸ್ಟ್ರೀಟಿನ ಅಂಗಡಿಯಲ್ಲಿ ನೋಟಕ್ಕೆ ಒಂದೇ ಬಗೆಯ ಎರಡು ಬೀಕರುಗಳು ಎರಡು ಬೆಲೆಗೆ ದೊರೆತಾವು. ಬಾಯಿಮಾತನ್ನು ನಂಬದೆ ಪಾತ್ರೆಯ ಮೇಲೆ ‘3.3’ ಎಂಬ ಗುರುತನ್ನು ಹುಡುಕಬೇಕು. ಅದು ಹಿಗ್ಗುವಿಕೆಯ ಅಳತೆ. ಸೋಡಾ ಗಾಜಿನಲ್ಲಿ ಅದು ಒಂಬತ್ತರ ಆಸುಪಾಸು. ಸಂಶಯವಿದ್ದರೆ ಒಂದು ಚೂರನ್ನು ಗ್ಲಿಸರಿನ್ನಿನಲ್ಲಿ ಮುಳುಗಿಸಬಹುದು: ಎರಡರಲ್ಲೂ ಬೆಳಕು ಬಾಗುವ ಪ್ರಮಾಣ ಹೆಚ್ಚುಕಡಮೆ ಒಂದೇ ಆದುದರಿಂದ ಬೋರೋಸಿಲಿಕೇಟ್ ಬಹುಮಟ್ಟಿಗೆ ಕಾಣದಾಗುತ್ತದೆ, ಸೋಡಾ ಗಾಜಿನ ಅಂಚು ಕಾಣುತ್ತಲೇ ಇರುತ್ತದೆ. ಅಂಗಡಿಕಾರ ಇದಕ್ಕೆ ಒಪ್ಪುವನೇ ಎಂಬುದು ಬೇರೆ ಮಾತು!

ಬೆಲೆಯ ಲೆಕ್ಕವನ್ನು ಇಲ್ಲಿ ಬುದ್ಧಿಯಿಂದ ಮಾಡಬೇಕು. ಎಲ್ಲವನ್ನೂ ದುಬಾರಿ ಗಾಜಿನಲ್ಲಿ ಕೊಳ್ಳುವುದು ವ್ಯರ್ಥ. ಒಣ ರಾಸಾಯನಿಕಗಳ ಸೀಸೆಗೆ ಸೋಡಾ ಗಾಜು ಸಾಕು. ಕುದಿಸುವ ಬೀಕರು, ಫ್ಲಾಸ್ಕು, ಪ್ರನಾಳಗಳಲ್ಲಿ ಮಾತ್ರ ಜಿಪುಣತನ ಸಲ್ಲದು. ಸೋಡಾ ಗಾಜು ನೀರಿಗೆ ಅಲ್ಪಸ್ವಲ್ಪ ಕ್ಷಾರವನ್ನು ಬಿಡುವುದರಿಂದ ನವಿರಾದ ಪರೀಕ್ಷೆಗಳ ಫಲವೂ ಕೆಡಬಹುದು. ಅಳತೆಯ ಫ್ಲಾಸ್ಕು, ಬ್ಯೂರೆಟ್ಟುಗಳು ಉತ್ತಮ ಗಾಜಿನವಾದರೂ ಉರಿಗೆ ಹಿಡಿಯತಕ್ಕವಲ್ಲ.

ಉಷ್ಣಸಹವೆಂದರೆ ಅಭೇದ್ಯವೆಂದಲ್ಲ. ಒಲೆಯಿಂದ ಇಳಿಸಿದ ಫ್ಲಾಸ್ಕನ್ನು ಒದ್ದೆಯಾದ ಕಡಪಾ ಕಲ್ಲಿನ ಮೇಲಿಟ್ಟರೆ ಒಳ್ಳೆಯ ಗಾಜೂ ಸೀಳಬಲ್ಲದು; ಮರದ ಹಲಗೆ ಅಥವಾ ಒಣಬಟ್ಟೆ ಇರಲಿ. ಲೋಹದ ತಂತಿಯಿಂದ ಉಜ್ಜಿ ಗೀರು ಬಿದ್ದ ಪಾತ್ರೆಯನ್ನು ಮತ್ತೆ ಉರಿಗೇರಿಸಬಾರದು, ತಣ್ಣನೆಯ ಕೆಲಸಕ್ಕೆ ಇಳಿಸಬೇಕು. ಅಂಚು ಚೂರಾದುದನ್ನು ಅದಕ್ಕೂ ಇಟ್ಟುಕೊಳ್ಳಬಾರದು.