ಒಂದು ಕಾಲದಲ್ಲಿ ನಮ್ಮ ಜಿಲ್ಲೆಯಲ್ಲೇ ಇದ್ದ ಐದು ದ್ವೀಪಗಳಿಗೆ

ಈ ಸಲ ಶಾಲೆಗಳ ದಸರಾ ರಜೆಗೆ ಎಲ್ಲಿಗೆ ಹೋಗುವುದು ಎಂಬ ಮಾತು ಬಂದಾಗ ನಮ್ಮಲ್ಲಿ ಮೊದಲು ಕೇಳಿಬಂದ ಹೆಸರು ಊಟಿ, ಆಮೇಲೆ ಅಜ್ಮೀರ್. ನಾವು ಅಂದರೆ ಒಂದೇ ಮದ್ರಸದ ಮೂವರು ಉಸ್ತಾದರು, ಮನೆಯವರು, ಮಕ್ಕಳು, ಎಲ್ಲ ಸೇರಿ ಹನ್ನೊಂದು ಜನ. ಅಸರ್ ನಮಾಝ್ ಮುಗಿಸಿ ಮಸೀದಿಯ ಜಗಲಿಯಲ್ಲಿ ಕೂತು ಬಸ್ಸಿನ ಬಾಡಿಗೆ ಲೆಕ್ಕ ಹಾಕುತ್ತಿದ್ದೆವು. ಪಕ್ಕದಲ್ಲೇ ಇದ್ದ ಬಂದರ್ ಅಜ್ಜ ಬಾಯಿ ಹಾಕಿದರು. "ಎಂತ ಊಟಿ ಉಸ್ತಾದೇ? ಹೋಗುವುದಾದರೆ ಅಮೀನಿಗೆ ಹೋಗುವ. ಅದು ನಮ್ಮದೇ ಜಿಲ್ಲೆ ಆಗಿತ್ತು."

ಬಂದರ್ ಅಜ್ಜ ಎಂಬುದು ಮೊಹಲ್ಲಾದ ಮಕ್ಕಳು ಇಟ್ಟ ಹೆಸರು. ಎಂಬತ್ತು ದಾಟಿದೆ. ಹುಡುಗನಾಗಿದ್ದಾಗ ಮಂಗಳೂರು ಬಂದರಿನ ಮಂಜಿಯಲ್ಲಿ ಅಡುಗೆ ಕೆಲಸಕ್ಕೆ ಸೇರಿ, ಖಲಾಸಿಯಾಗಿ ಕೆಲವು ವರ್ಷ ದ್ವೀಪಗಳಿಗೆ ಹೋಗಿ ಬಂದವರು. ಅವರ ಮಾತನ್ನು ಮೊದಲು ಮುದುಕರ ಕಥೆ ಅಂತಲೇ ತಿಳಿದೆವು. ಪುಸ್ತಕ ತೆಗೆದು ನೋಡಿದರೆ ಅಜ್ಜ ಹೇಳಿದ್ದು ಅಕ್ಷರಶಃ ಸತ್ಯ!

ಲಕ್ಷದ್ವೀಪ ಅಂದರೆ ನಮಗೆಲ್ಲ ನೆನಪಾಗುವುದು ಕೇರಳ. ಆದರೆ ಉತ್ತರ ಭಾಗದ ಅಮೀನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ ಎಂಬ ಐದು ಜನವಸತಿಯ ದ್ವೀಪಗಳ ಕಥೆಯೇ ಬೇರೆ. ಇವುಗಳಿಗೆ ಒಟ್ಟಾಗಿ ಅಮೀನ್‌ದೀವಿ ಎಂದು ಹೆಸರು. ಕಣ್ಣೂರಿನ ಅರಕ್ಕಲ್ ಮನೆತನದ ಆಡಳಿತದಲ್ಲಿ ಬೇಸತ್ತ ಅಮೀನಿಯ ಕೆಲವರು 18ನೇ ಶತಮಾನದ ಕೊನೆಯ ಭಾಗದಲ್ಲಿ ಸಮುದ್ರ ದಾಟಿ ಮಂಗಳೂರಿಗೆ ಬಂದು, ನಮ್ಮನ್ನು ನೀವೇ ಆಳಿ ಎಂದು ಟಿಪ್ಪು ಸುಲ್ತಾನರನ್ನು ಕೇಳಿಕೊಂಡರು. ಅರಕ್ಕಲ್ ಬೀವಿಯ ಜೊತೆ ಮಾತುಕತೆ ಆಗಿ ಈ ಗುಂಪು ಟಿಪ್ಪು ಕೈಗೆ ಬಂತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಗ್ಲಿಷರ ಪಾಲಾಯಿತು, ಆಡಳಿತ ಮಾತ್ರ ಮಂಗಳೂರಿನಿಂದಲೇ ಮುಂದುವರಿಯಿತು. ದಕ್ಷಿಣದ ದ್ವೀಪಗಳು ಮಲಬಾರಿನ ಕಡೆ, ಉತ್ತರದವು ದಕ್ಷಿಣ ಕನ್ನಡದ ಕಡೆ. 1956ರ ನವೆಂಬರ್ 1ರಂದು ಎಲ್ಲವನ್ನೂ ಸೇರಿಸಿ ಕೇಂದ್ರಾಡಳಿತ ಪ್ರದೇಶ ಮಾಡುವವರೆಗೂ ಹೀಗೇ ಇತ್ತು. ಲಕ್ಷದ್ವೀಪ ಎಂಬ ಹೆಸರು ಬಂದದ್ದು 1973ರಲ್ಲಿ. ನಾವು ಕನ್ನಡ ರಾಜ್ಯೋತ್ಸವ ಆಚರಿಸುವ ದಿನವೇ ಆ ಐದು ದ್ವೀಪಗಳು ನಮ್ಮಿಂದ ಬಿಟ್ಟುಹೋದವು ಎಂಬುದು ಎಷ್ಟು ಜನರಿಗೆ ಗೊತ್ತುಂಟು?

ಆ ಕಾಲದಲ್ಲಿ ದ್ವೀಪದ ನಾರಿನ ಹಗ್ಗದ ವ್ಯಾಪಾರ ಸರಕಾರದ ಕೈಯಲ್ಲಿತ್ತು. ಹಗ್ಗ ಮಂಗಳೂರಿಗೆ ಬರಬೇಕು, ಬದಲಿಗೆ ಅಕ್ಕಿ ಹೋಗಬೇಕು. ತೆಂಗು ಬಿಟ್ಟರೆ ಹೆಚ್ಚೇನೂ ಬೆಳೆಯದ ಹವಳದ ನೆಲದಲ್ಲಿ ಅನ್ನ ಬೇಯಬೇಕಾದರೆ ನಮ್ಮ ಬಂದರಿನ ಕಡೆಯೇ ನೋಡಬೇಕಿತ್ತು. ಈಗಲೂ ಹಳೆ ಬಂದರಿಗೆ ಹೋಗಿ ನಿಂತರೆ ಜಲ್ಲಿ, ಮರಳು, ಸಿಮೆಂಟ್, ತರಕಾರಿ ತುಂಬಿಕೊಂಡು ದ್ವೀಪಕ್ಕೆ ಹೊರಡುವ ಮಂಜಿಗಳನ್ನು ನೋಡಬಹುದು.

ಹಾಗಾದರೆ ಇಲ್ಲಿಂದಲೇ ಹೋಗಬಹುದಲ್ಲ ಅಂತ ನೀವು ಕೇಳಬಹುದು. ನಾವೂ ಅದನ್ನೇ ಕೇಳಿದೆವು. ಸಾಮಾನು ಹೋಗುತ್ತದೆ, ಜನ ಹೋಗುವುದು ಕಷ್ಟ. ಮಂಗಳೂರಿನಿಂದ ಪ್ರಯಾಣಿಕರ ಹಡಗು ಹಿಂದೆ ಇತ್ತು, ನಿಂತಿತು. 2024ರ ಮೇ ತಿಂಗಳಲ್ಲಿ ಒಂದು ವೇಗದ ಹಡಗು ದ್ವೀಪದ ಜನರನ್ನು ಕರೆದುಕೊಂಡು ಹಳೆ ಬಂದರಿಗೆ ಬಂದಾಗ ಪೇಟೆಯಲ್ಲೆಲ್ಲ ಅದೇ ಸುದ್ದಿ. ಆದರೆ ಅದನ್ನು ನಂಬಿ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಹೊರಡಲು ಆಗುವುದಿಲ್ಲ. ಕಿಲ್ತಾನ್ ನಮ್ಮ ಬಂದರಿನಿಂದ ನೇರವಾಗಿ ಸುಮಾರು 250 ಕಿ.ಮೀ., ಕೊಚ್ಚಿಯಿಂದ ಸುಮಾರು 390. ಹತ್ತಿರದ ಬಾಗಿಲು ಮುಚ್ಚಿದೆ ಅಂತ ನಾವು ಸಂಜೆ ಮಲಬಾರ್ ಎಕ್ಸ್‌ಪ್ರೆಸ್ ಹತ್ತಿ ರಾತ್ರಿಯಿಡೀ ದಕ್ಷಿಣಕ್ಕೆ ಹೋಗಿ, ಎರ್ನಾಕುಳಂನಲ್ಲಿ ಇಳಿದು, ಹಡಗು ಹತ್ತಿ ಪುನಃ ಉತ್ತರಕ್ಕೆ ಬರಬೇಕು. ಕೊಚ್ಚಿಯಿಂದ ಹಡಗಿನಲ್ಲಿ 14ರಿಂದ 18 ಗಂಟೆ. ಬೆಂಗಳೂರಿನಿಂದ ಅಗತ್ತಿಗೆ ವಿಮಾನವೂ ಶುರುವಾಗಿದೆ, ಆದರೆ ಉಸ್ತಾದರ ಸಂಬಳಕ್ಕೆ ಅದು ಹಾರುವ ಮಾತು.

ಟಿಕೆಟಿಗಿಂತ ಮೊದಲು ಪರ್ಮಿಟ್ ಆಗಬೇಕು. ದ್ವೀಪದವರಲ್ಲದ ಭಾರತೀಯರಿಗೂ 1967ರ ನಿಯಮದ ಪ್ರಕಾರ ಪ್ರವೇಶಪತ್ರ ಕಡ್ಡಾಯ. ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್ ಬೇಕು. ಮತ್ತೆ ಎರಡು ದಾರಿ. ಒಂದು, ಆಡಳಿತದವರ ಪ್ರವಾಸ ಸಂಸ್ಥೆಯ ಪ್ಯಾಕೇಜ್. ಅದರಲ್ಲಿ ಉತ್ತರದ ಐದರ ಪೈಕಿ ಸಾಮಾನ್ಯವಾಗಿ ಸಿಗುವುದು ಕಡಮತ್ ಒಂದೇ. ಇನ್ನೊಂದು, ದ್ವೀಪದ ನಿವಾಸಿಯೊಬ್ಬರು ನಮ್ಮ ಹೆಸರಿನಲ್ಲಿ ಜವಾಬ್ದಾರಿ ಹೊತ್ತು ಅರ್ಜಿ ಹಾಕುವುದು. ಪರಿಚಯ ಇಲ್ಲದವರಿಗೆ ಯಾರು ಹಾಕುತ್ತಾರೆ? ಕಿರಿಕಿರಿ ಅನಿಸಿತು. ಆಮೇಲೆ ಯೋಚಿಸಿದರೆ ಸರಿ ಅಂತಲೇ ಕಂಡಿತು. ಅಮೀನಿ ಇಡೀ ದ್ವೀಪ ಮೂರು ಚದರ ಕಿ.ಮೀ. ಕೂಡ ಇಲ್ಲ. ಕಡಮತ್ ಒಂಬತ್ತು ಕಿ.ಮೀ. ಉದ್ದ, ಅಗಲ ಅಗಲವಾದಲ್ಲಿಯೂ ಅರ್ಧ ಕಿ.ಮೀ. ಸ್ವಲ್ಪ ಹೆಚ್ಚು. ಕುಡಿಯುವ ನೀರು ಅಂದರೆ ಮರಳಿನಡಿ ಉಪ್ಪುನೀರಿನ ಮೇಲೆ ತೇಲಿ ನಿಂತ ಮಳೆನೀರಿನ ಒಂದು ಪದರ. ಮನಸ್ಸು ಬಂದ ಹಾಗೆ ಜನ ನುಗ್ಗಿದರೆ ಆ ಬಾವಿಗಳ ಗತಿ ಏನು?

ಇತಿಹಾಸ ನೋಡಲು ಹೋಗುವವರು ಕೋಟೆ ಕೊತ್ತಲ ಹುಡುಕಿದರೆ ನಿರಾಶೆ ಆದೀತು. ಅಲ್ಲಿ ಇತಿಹಾಸ ಜನರ ಮಾತಿನಲ್ಲಿ, ಮಸೀದಿಯ ಅಂಗಳದಲ್ಲಿ ಉಂಟು. ಇಸ್ಲಾಮ್ ತಂದ ಉಬೈದುಲ್ಲಾ ಎಂಬ ಸಂತರು ಹಡಗು ಒಡೆದು ಮೊದಲು ಬಂದು ಸೇರಿದ್ದು ಅಮೀನಿಗೆ, ಅಲ್ಲಿನವರು ವಿರೋಧಿಸಿದಾಗ ಆಂಡ್ರೋತ್‌ಗೆ ಹೋದರು ಎಂಬುದು ದ್ವೀಪದವರ ನಂಬಿಕೆ. ಅವರ ಮಖ್‌ಬರ ಆಂಡ್ರೋತ್‌ನಲ್ಲಿದೆ. 16ನೇ ಶತಮಾನದಲ್ಲಿ ಹಗ್ಗ ಲೂಟಿ ಮಾಡಲು ಅಮೀನಿಗೆ ನುಗ್ಗಿದ ಪೋರ್ಚುಗೀಸರನ್ನು ಊಟದಲ್ಲಿ ವಿಷ ಹಾಕಿ ಕೊಂದರಂತೆ. ಕಿಲ್ತಾನ್ ಪರ್ಷಿಯನ್ ಕೊಲ್ಲಿಯಿಂದ ಸಿಲೋನ್ ಕಡೆಗೆ ಹೋಗುವ ಹಡಗುಗಳ ದಾರಿಯಲ್ಲಿತ್ತು.

ನಮಗೆ, ಮದ್ರಸದಲ್ಲಿ ಪಾಠ ಹೇಳುವವರಿಗೆ, ಎಲ್ಲಕ್ಕಿಂತ ಹೆಚ್ಚು ಕುತೂಹಲ ಹುಟ್ಟಿಸಿದ್ದು ಬೇರೆ ಒಂದು ಸಂಗತಿ. ಅಲ್ಲಿ ಆಸ್ತಿಯಲ್ಲಿ ಎರಡು ಬಗೆ: ಶುಕ್ರವಾರದ ಆಸ್ತಿ, ಸೋಮವಾರದ ಆಸ್ತಿ! ಶುಕ್ರವಾರದ್ದು ತರವಾಡಿನದು, ತಾಯಿಯ ಕಡೆಯಿಂದ ಇಳಿದು ಬರುತ್ತದೆ, ನಮ್ಮ ತುಳುನಾಡಿನ ಅಳಿಯಕಟ್ಟಿನ ಹಾಗೆ. ಸೋಮವಾರದ್ದು ಸ್ವಂತ ದುಡಿದು ಮಾಡಿದ್ದು, ಅದು ಶರೀಅತ್ ಪ್ರಕಾರ ಪಾಲಾಗುತ್ತದೆ. ಅಲ್ಲಿನವರೂ ನಮ್ಮ ಹಾಗೆ ಶಾಫಿಈ ಮಝ್‌ಹಬಿನವರು. ಕಿತಾಬಿನ ಕಾನೂನನ್ನೂ ತಾಯಿ ಮನೆಯ ಕಟ್ಟನ್ನೂ ವಾರದ ಎರಡು ದಿನಕ್ಕೆ ಹಂಚಿ ಇಟ್ಟುಕೊಂಡವರನ್ನು ಒಮ್ಮೆ ಕೂತು ಕೇಳಬೇಕು ಅಂತ ನಮ್ಮ ಜೊತೆಯ ಹಿರಿಯ ಉಸ್ತಾದರು ನೋಟ್ ಪುಸ್ತಕ ಈಗಲೇ ತೆಗೆದಿಟ್ಟಿದ್ದಾರೆ. ಮಾತಿನ ಚಿಂತೆ ಇಲ್ಲ. ಅವರ ಜಸರಿ ಭಾಷೆ ಮಲಯಾಳಂನ ಒಂದು ರೂಪ. ಬ್ಯಾರಿ ಕಿವಿಗೆ ಅದು ಪೂರ್ತಿ ಹೊರಗಿನದಲ್ಲ, ಅರ್ಧ ಅರ್ಥ ಆಗುತ್ತದೆ, ಉಳಿದರ್ಧಕ್ಕೆ ನಗು ಸಾಕು ಅಂತಾರೆ ಅಜ್ಜ.

ಬಿತ್ರಾ ಎಲ್ಲಕ್ಕಿಂತ ಚಿಕ್ಕದು. 2011ರ ಜನಗಣತಿಯಲ್ಲಿ 271 ಜನ. ಹಿಂದೆ ಕಡಲಹಕ್ಕಿಗಳು ಮೊಟ್ಟೆ ಇಡುವ ಜಾಗ, 1945ರ ಸುಮಾರಿಗೆ ಚೆತ್ಲಾತಿನ ಒಬ್ಬ ಹೆಂಗಸು ಮತ್ತು ಆಕೆಯ ಮಗ ಅಲ್ಲಿ ನೆಲೆ ನಿಂತ ಮೇಲೆ ಊರಾಯಿತು. ಅದನ್ನು ರಕ್ಷಣಾ ಉದ್ದೇಶಕ್ಕೆ ವಶಪಡಿಸಿಕೊಳ್ಳುವ ಪ್ರಸ್ತಾಪ 2025ರ ಜುಲೈಯಲ್ಲಿ ಹೊರಬಿತ್ತು, ಅಲ್ಲಿನವರೂ ಲಕ್ಷದ್ವೀಪದ ಸಂಸದರೂ ವಿರೋಧಿಸಿದರು. ದೇಶದ ರಕ್ಷಣೆಯ ವಿಷಯದಲ್ಲಿ ನಾವು ದೊಡ್ಡ ಮಾತು ಆಡುವವರಲ್ಲ. ಆದರೂ ಒಂದು ಊರಿಗೆ ಊರೇ ಏಳಬೇಕಾಗಬಹುದು ಎಂಬುದನ್ನು ಓದಿದ ದಿನ ಮನೆಯಲ್ಲಿ ಸುಮ್ಮನೆ ಕೂತೆವು.

ನಮ್ಮ ಯೋಜನೆಗೆ ಈಗ ಅಡ್ಡ ನಿಂತಿರುವುದು ಅಜ್ಜನೇ. ಖಲಾಸಿಯಾಗಿದ್ದಾಗ ಒಮ್ಮೆ ಇವರ ಮಂಜಿಯ ಕೂವೆಮರ ಗಾಳಿಗೆ ಮುರಿದು, ಕಿಲ್ತಾನ್‌ನಲ್ಲಿ ಇಪ್ಪತ್ತು ದಿನ ನಿಲ್ಲಬೇಕಾಯಿತಂತೆ. ಒಂದು ಮನೆಯವರು ಏಳು ಜನರಿಗೆ ಅಷ್ಟೂ ದಿನ ಅನ್ನ ಹಾಕಿದರು, ಹಣ ಮುಟ್ಟಲಿಲ್ಲ. "ಮುಂದಿನ ಸಲ ಒಂದು ಮುಡಿ ಅಕ್ಕಿ ತರುತ್ತೇನೆ ಅಂದಿದ್ದೆ ಉಸ್ತಾದೇ. ಆಮೇಲೆ ಬೊಂಬಾಯಿಗೆ ಹೋದೆ. ಬಾಕಿ ಉಳಿಯಿತು." ಇದನ್ನು ಹೇಳುವಾಗ ಅವರು ನಮ್ಮ ಮುಖ ನೋಡಲಿಲ್ಲ. ಸಾಲದ ಬಗ್ಗೆ ಮಕ್ಕಳಿಗೆ ಎಷ್ಟೋ ಸಲ ಪಾಠ ಮಾಡಿದ್ದೇವೆ, ಅಜ್ಜನಿಗೆ ಎಂತ ಹೇಳುವುದೆಂದು ತಿಳಿಯಲಿಲ್ಲ.

ಕಡಮತ್ ಪ್ಯಾಕೇಜ್ ಸಾಕು, ಸುಲಭ ಅಂತ ಹೆಂಗಸರ ಅಭಿಪ್ರಾಯ. ಅದರಲ್ಲಿ ಕಿಲ್ತಾನ್ ಬರುವುದಿಲ್ಲ. ಮೇಲಾಗಿ ಎಷ್ಟೋ ಕಡೆ ಹಡಗು ದಡಕ್ಕೆ ಬರುವುದಿಲ್ಲ, ಅಲೆಗೆ ಏರಿ ಇಳಿಯುವ ಸಣ್ಣ ದೋಣಿಗೆ ಇಳಿಯಬೇಕು. ಅಜ್ಜನ ಮೊಣಕಾಲು ಮಸೀದಿಯ ಮೆಟ್ಟಿಲಿಗೇ ಕೇಳುವುದಿಲ್ಲ. ಡಾಕ್ಟರ್ ತಲೆ ಅಲ್ಲಾಡಿಸಿದ್ದಾರೆ. ಅಕ್ಟೋಬರಿನಲ್ಲಿ ಸಮುದ್ರ ಸ್ವಲ್ಪ ತಣ್ಣಗಿರುತ್ತದೆ ಎಂಬುದೊಂದೇ ಧೈರ್ಯ. ಮಳೆಗಾಲದಲ್ಲಿ ಈ ಯೋಚನೆಯೇ ಬೇಡ, ಮಂಜಿಗಳೇ ಬಂದರಿನಲ್ಲಿ ಕಟ್ಟಿಕೊಂಡಿರುತ್ತವೆ.

ಕೊನೆಗೆ ಕಳೆದ ವಾರ ಹಳೆ ಬಂದರಿಗೆ ಹೋದೆವು. ಕಿಲ್ತಾನ್ ಕಡೆಯ ಒಬ್ಬರು ಮಂಜಿಗೆ ಸಾಮಾನು ತುಂಬಿಸುತ್ತಿದ್ದರು. ಅಜ್ಜ ಹೇಳಿದ ಮನೆಹೆಸರು ಕೇಳಿ ಸ್ವಲ್ಪ ಹೊತ್ತು ಯೋಚಿಸಿ, ಆ ಮನೆ ಈಗಲೂ ಉಂಟು, ಮೊಮ್ಮಕ್ಕಳಿದ್ದಾರೆ, ಕೇಳಿ ನೋಡುತ್ತೇನೆ ಅಂದರು. ಅವರು ಅರ್ಜಿ ಹಾಕಿದರೆ ಪರ್ಮಿಟಿನ ದಾರಿ ಆಯಿತು. ಪೊಲೀಸ್ ಸರ್ಟಿಫಿಕೇಟಿಗೆ ಹನ್ನೆರಡು ಜನರ ಫೋಟೋ ಕೊಟ್ಟಿದ್ದೇವೆ, ಅಜ್ಜನದ್ದೂ ಸೇರಿ. ಮದ್ರಸ ಕಮಿಟಿಯವರು ಒಂದು ವಾರಕ್ಕೆ ಬದಲಿ ಉಸ್ತಾದರನ್ನು ಒಪ್ಪಿದ್ದಾರೆ.

ಉತ್ತರ ಇನ್ನೂ ಬಂದಿಲ್ಲ. ಅಜ್ಜ ಮಾತ್ರ ದಿನಾ ಮಗ್ರಿಬ್ ಆದ ಮೇಲೆ ಹಡಗಿನಲ್ಲಿ ಎಷ್ಟು ಕೆ.ಜಿ. ಲಗೇಜ್ ಬಿಡುತ್ತಾರೆ ಅಂತ ಕೇಳುತ್ತಾರೆ. ಅಕ್ಕಿ ಕುಚ್ಚಲಕ್ಕಿಯೇ ಆಗಬೇಕಂತೆ, ಬೆಳ್ತಿಗೆ ಬೇಡವಂತೆ.